ತಗಡಿನ ಮೇಲಿನ ಆಸ್ತಿ

ನಮ್ಮ ಸೋದರಮಾವ ಬಜಾಜ್ ಚೇತಕ್‌ಗೆ ನಂಬರ್ ಬರೆಸಿಕೊಂಡು ಬಂದ ದಿನ ಮಕ್ಕಳೆಲ್ಲ ಹ್ಯಾಂಡಲ್ ಹಿಡಿಯಲು ಜಗಳವಾಡುತ್ತಿದ್ದರೆ, ಅಜ್ಜಿ ಮಾತ್ರ ಸ್ಕೂಟರಿನ ಹಿಂದಕ್ಕೆ ಹೋಗಿ ನಿಂತು ಬೆರಳು ಮಡಿಸತೊಡಗಿದಳು. ಕಪ್ಪು ತಗಡು, ಬಿಳಿ ಅಂಕಿ: 4509. ನಾಲ್ಕೂ ಐದೂ ಒಂಬತ್ತು, ಇನ್ನೊಂದು ಒಂಬತ್ತು ಸೇರಿದರೆ ಹದಿನೆಂಟು, ಒಂದೂ ಎಂಟೂ ಕೂಡಿದರೆ ಮತ್ತೆ ಒಂಬತ್ತು. ‘ಅಡ್ಡಿಯಿಲ್ಲ, ಚಕ್ರಕ್ಕೆ ನಿಂಬೆಹಣ್ಣು ಇಡಿ’ ಎಂದಳು. ಆ ಒಂಬತ್ತಿಗಾಗಿ ಮಾವ ಏಜೆಂಟನ ಕೈಗೆ ನೂರು ರೂಪಾಯಿ ಹೆಚ್ಚಿಗೆ ಇಟ್ಟಿದ್ದರೆಂಬ ಸಂಗತಿ ಹೊರಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಕೂಡಿದರೆ ಎಂಟು ಬರುವ ನಂಬರಾಗಿದ್ದರೆ ಶನಿಯ ಮಾತೆದ್ದು, ಗಾಡಿ ಅಂಗಳಕ್ಕೇ ಬರುತ್ತಿರಲಿಲ್ಲವೇನೋ.

ಆ ನೂರು ರೂಪಾಯಿ ಮನಸ್ಸಮಾಧಾನದ ಬೆಲೆ. ಮುಂದೊಂದು ದಿನ ಅದು ಬಡ್ಡಿ ಸಮೇತ ವಾಪಸ್ ಬರುತ್ತದೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಚಂಡೀಗಢದ ಒಬ್ಬರು 0001 ನಂಬರನ್ನು ಹರಾಜಿನಲ್ಲಿ 15.44 ಲಕ್ಷ ರೂಪಾಯಿಗೆ ಹಿಡಿದರು. ಅದನ್ನು ಹಾಕಲಿದ್ದ ಆ್ಯಕ್ಟಿವಾ ಸ್ಕೂಟರಿನ ಬೆಲೆ ಸುಮಾರು 71 ಸಾವಿರ. ಮುಂದೆ ಕಾರಿಗೆ ಹಾಕಿಕೊಳ್ಳುವ ಯೋಚನೆ ಇದೆ ಎಂದು ಅವರು ಹೇಳಿದ್ದರೂ ನಗುವವರು ನಕ್ಕರು. ಅದಕ್ಕೂ ಹದಿನಾಲ್ಕು ವರ್ಷ ಹಿಂದೆ, 2008ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಮೊದಲ ನಂಬರಾದ ‘ಎಸ್ 1’ ಹರಾಜಿನಲ್ಲಿ 3,97,500 ಪೌಂಡಿಗೆ ಹೋಯಿತು. ಹೆಸರು ಹೇಳದ ಸಂಗ್ರಾಹಕರೊಬ್ಬರು ಅದನ್ನು ಕೊಂಡು ತಮ್ಮ ಹಳೇ ಕೆಂಪು ಸ್ಕೋಡಾ ಕಾರಿಗೆ ಹಾಕುವವರಿದ್ದಾರೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮೇಲ್ನೋಟಕ್ಕೆ ಎರಡೂ ಒಂದೇ ಹುಚ್ಚು. ಆದರೆ ಸ್ಕೋಡಾದವರ ಕೈಗೆ ಬಂದದ್ದು ನಾಳೆ ಬೆಳಿಗ್ಗೆ ಇನ್ನೊಬ್ಬರಿಗೆ ಮಾರಬಹುದಾದ ಹಕ್ಕು. ಆ್ಯಕ್ಟಿವಾದವರ ಕೈಗೆ ಬಂದದ್ದು ಹೆಚ್ಚುಕಡಿಮೆ ಒಂದು ರಸೀದಿ.

ಒಡವೆ, ಸೈಟು, ಹಳೆಯ ನಾಣ್ಯ, ಹುಸೇನರ ಚಿತ್ರ ಎಂಬ ಸಾಲಿಗೆ ವಾಹನದ ನಂಬರನ್ನೂ ಸೇರಿಸಬಹುದೇ? ‘ಖಂಡಿತ ಸೇರಿಸಬಹುದು’ ಎನ್ನುವ ದಲ್ಲಾಳಿಗಳು ಲಂಡನ್ನಿನಿಂದ ದುಬೈವರೆಗೆ ಇದ್ದಾರೆ. ಅಂಕಿ ಚೆಂದವಿದ್ದರೆ ಬೆಲೆ ತಾನಾಗಿ ಏರುತ್ತದೆ ಎಂಬುದು ಅವರ ಮಾತು. ನನಗೆ ಕಂಡದ್ದು ಬೇರೆ. ನಂಬರು ಆಸ್ತಿಯಾಗುವುದು ಅಂಕಿಯ ಚೆಂದದಿಂದಲ್ಲ. ಅದನ್ನು ವಾಹನದಿಂದ ಕಳಚಿ ಮನುಷ್ಯನ ಕೈಗೆ ಕೊಡುವ ಕಾನೂನಿನ ಒಂದು ಸಾಲು ಇರಬೇಕು, ಜೊತೆಗೆ ಊರಿನಲ್ಲಿ ಹಣ ಹರಿದಾಡುವ ಕಾಲವೂ ಕೂಡಿಬರಬೇಕು.

ಈ ಕಥೆ ಶುರುವಾಗುವುದು ಬ್ರಿಟನ್ನಿನಲ್ಲಿ. 1903ರ ಮೋಟಾರ್ ಕಾರ್ ಕಾಯ್ದೆಯ ಪ್ರಕಾರ 1904ರ ಜನವರಿ 1ರಿಂದ ಅಲ್ಲಿ ಪ್ರತಿ ಮೋಟಾರಿಗೂ ನಂಬರ್ ಕಡ್ಡಾಯವಾಯಿತು. ಲಂಡನ್ನಿನ ‘ಎ 1’ ತನಗೇ ಬೇಕೆಂದು ಅರ್ಲ್ ರಸೆಲ್, ಅಂದರೆ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರ ಅಣ್ಣ, ರಾತ್ರಿಯಿಡೀ ಕಾದು ನಿಂತರೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ತಮ್ಮ ಗಣಿತದ ಬುಡವನ್ನೇ ಅಗೆಯುತ್ತಿದ್ದ ಹೊತ್ತಿನಲ್ಲಿ ಅಣ್ಣ ಒಂದರ ಬೆನ್ನು ಹತ್ತಿದ್ದರು! ಕಾನೂನು ಬಂದ ಮೊದಲ ದಿನಗಳಲ್ಲೇ ನಂಬರಿಗೊಂದು ಘನತೆ ಅಂಟಿಕೊಂಡಿತ್ತು ಎಂಬುದಕ್ಕೆ ಈ ಕಥೆ ಸಾಕು.

ಘನತೆ ಅಂಟಿಕೊಂಡ ಮಾತ್ರಕ್ಕೆ ಬೆಲೆ ಬರಲಿಲ್ಲ. ಒಂದು ವಾಹನದ ನಂಬರನ್ನು ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದ್ದುದರಿಂದ ಅಲ್ಲಿ ವ್ಯಾಪಾರ ಹುಟ್ಟಿತು. ಒಳ್ಳೆಯ ನಂಬರಿದ್ದ ಮುದಿ ಮೊಪೆಡ್ಡನ್ನೋ ತುಕ್ಕು ಹಿಡಿದ ವ್ಯಾನನ್ನೋ ದಲ್ಲಾಳಿಗಳು ಹಳ್ಳಿಮೂಲೆಯಿಂದ ಹುಡುಕಿ ತರುತ್ತಿದ್ದರು. ಅದರ ನಂಬರನ್ನು ಸಿರಿವಂತರ ಕಾರಿಗೆ ವರ್ಗಾಯಿಸಿದ ಮೇಲೆ ಆ ಮೊಪೆಡ್ ಯಾರಿಗೂ ಬೇಡ. ದಾಖಲೆಗಳೆಲ್ಲ ವೇಲ್ಸಿನ ಸ್ವಾನ್ಸಿ ಪಟ್ಟಣದ ಕಂಪ್ಯೂಟರಿಗೆ ಸೇರಿದಾಗ, 1983ರ ಗಡುವಿನೊಳಗೆ ನೋಂದಾಯಿಸದ ಎಷ್ಟೋ ಹಳೆಯ ನಂಬರುಗಳು ಸತ್ತೇಹೋದವು. ಉಳಿದವುಗಳ ಬೆಲೆ ಏರಿತು. ಅಲ್ಲಿಯವರೆಗೆ ಲಾಭವೆಲ್ಲ ದಲ್ಲಾಳಿಗಳದ್ದು. 1989ರಲ್ಲಿ ಸರ್ಕಾರವೇ ಕಣ್ಣುಬಿಟ್ಟು, ಅಂದಿನವರೆಗೆ ಯಾರಿಗೂ ಕೊಡದ ನಂಬರುಗಳನ್ನು ಕ್ರಿಸ್ಟೀಸ್ ಸಂಸ್ಥೆಯ ಮೂಲಕ ಹರಾಜಿಗಿಟ್ಟಿತು. ಅಂದಿನಿಂದ ಬ್ರಿಟನ್ನಿನ ಬೊಕ್ಕಸಕ್ಕೆ ಈ ಬಾಬ್ತಿನಲ್ಲಿ ಬಂದದ್ದು ನೂರು ಕೋಟಿ ಪೌಂಡಿಗೂ ಮೀರಿದ ಹಣ. ಬಂಡವಾಳವಿಲ್ಲದ ವ್ಯಾಪಾರ ಎಂದರೆ ಇದೇ.

ಅಷ್ಟು ಹಣ ಕೊಟ್ಟವರಿಗೆ ಸಿಗುವುದು ಏನೆಂಬುದನ್ನು ಹತ್ತಿರದಿಂದ ನೋಡಬೇಕು. ತಗಡಲ್ಲ, ತಗಡನ್ನು ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಮಾಡಿಸಿಕೊಳ್ಳಬಹುದು. ನಂಬರು ಕೂಡ ಅಲ್ಲ. ಅದು ಎಂದೆಂದಿಗೂ ಸರ್ಕಾರದ್ದೇ. ಸಿಗುವುದು ‘ವಿ750’ ಎಂಬ ಒಂದು ಕಾಗದ: ಈ ನಂಬರನ್ನು ನಿನ್ನ ಹೆಸರಿನ ವಾಹನಕ್ಕೆ ಹಚ್ಚಿಕೊಳ್ಳುವ ಹಕ್ಕು ನಿನಗಿದೆ ಎಂಬ ಪ್ರಮಾಣಪತ್ರ. ಹತ್ತು ವರ್ಷ ಅದನ್ನು ವಾಹನವೇ ಇಲ್ಲದೆ ಬೀರುವಿನಲ್ಲಿಟ್ಟುಕೊಳ್ಳಬಹುದು, ಆಮೇಲೆ ನವೀಕರಿಸಬಹುದು. ಹೂಡಿಕೆ ಎಂಬ ಮಾತಿಗೆ ಜೀವ ಬರುವುದೇ ಇಲ್ಲಿ. ಕಾರಿಲ್ಲದವನೂ ನಂಬರ್ ಇಟ್ಟುಕೊಂಡಿರಬಹುದು.

ಆದರೆ ಆ ಕಾಗದದ ಸುತ್ತ ಮುಳ್ಳುಬೇಲಿ ಇದೆ. ನಂಬರನ್ನು ಮೊದಲು ತೆಗೆದಿಟ್ಟುಕೊಳ್ಳದೆ ಕಾರು ಮಾರಿದರೆ ನಂಬರೂ ಕಾರಿನೊಂದಿಗೆ ಹೋಯಿತು. ಕಾರು ಅಪಘಾತದಲ್ಲಿ ಜಜ್ಜಿಹೋಗಿ ವಿಮೆ ಕಂಪನಿ ಪೂರ್ತಿ ಪರಿಹಾರ ಕೊಟ್ಟು ತನ್ನದಾಗಿಸಿಕೊಂಡರೆ, ನಂಬರ್ ಬಗ್ಗೆ ಮೊದಲೇ ಮಾತಾಡಿಕೊಳ್ಳದವರು ಕೈ ಹಿಸುಕಿಕೊಳ್ಳಬೇಕು. ಹೆಸರಿನಂತೆ ಕಾಣಲೆಂದು ಅಕ್ಷರಗಳ ನಡುವಿನ ಜಾಗ ಹಿಗ್ಗಿಸಿ ಕುಗ್ಗಿಸಿದರೆ 1,000 ಪೌಂಡ್‌ವರೆಗೆ ದಂಡ, ನಂಬರೇ ಕಿತ್ತುಕೊಳ್ಳುವ ಅಧಿಕಾರವೂ ಇಲಾಖೆಗಿದೆ. ಹಳೆಯ ಕಾರನ್ನು ಹೊಸದೆಂದು ತೋರಿಸುವ ನಂಬರ್ ಹಾಕುವಂತಿಲ್ಲ. ತೆರಿಗೆಯಲ್ಲಂತೂ ತಮಾಷೆಯೇ ಇದೆ: ಅಲ್ಲಿ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ಅದೇ ಕಾರಿನ ನಂಬರ್ ಮಾರಿ ಬಂದ ಲಾಭಕ್ಕೆ ಉಂಟು. ಕಾರು ಕೈಗೆ ಸಿಗುವ ವಸ್ತು, ನಂಬರು ಬರೀ ಹಕ್ಕು ಎಂಬುದು ಅಲ್ಲಿನ ತೆರಿಗೆಯವರ ವಾದ. ತತ್ವಜ್ಞಾನಿ ತಮ್ಮನಿಗೆ ಇದು ಹಿಡಿಸುತ್ತಿತ್ತು.

ಬ್ರಿಟನ್ನಿನ ನಂಬರುಗಳಲ್ಲಿ ಅಕ್ಷರಗಳೂ ಇರುವುದರಿಂದ ಅಲ್ಲಿಯ ಆಟ ಹೆಸರಿನದು. ಇಂಗ್ಲಿಷಿನ ಎಸ್ ಅಕ್ಷರಕ್ಕೆ 5, ಐ ಅಕ್ಷರಕ್ಕೆ 1 ಹೊಂದುತ್ತದೆ. ಹಾಗಾಗಿ ‘51 ಎನ್‌ಜಿಎಚ್’ ಎಂದರೆ ಸಿಂಗ್. 2006ರಲ್ಲಿ ಅದಕ್ಕೆ ಬಂದದ್ದು 2,54,000 ಪೌಂಡ್. 2015ರ ಸರಣಿಯ ನಂಬರುಗಳಲ್ಲಿ 15 ಎಂಬುದು ವರ್ಷದ ಗುರುತು. ಅದು ಬರುವುದನ್ನೇ ಕಾದಿದ್ದವರ ಹಾಗೆ, ‘ಕೆಆರ್ 15 ಎಚ್‌ಎನ್‌ಎ’ ಎಂಬ ನಂಬರಿಗೆ ಜನ ಮುಗಿಬಿದ್ದು 2,33,000 ಪೌಂಡಿಗೆ ಏರಿಸಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಒಂದೇ ಉಸಿರಿಗೆ ಓದಿದರೆ ಕೃಷ್ಣ. ಗೋಕುಲದವನು ಸ್ವಾನ್ಸಿಯ ಹರಾಜಿಗೂ ಬಂದ. ಈ ಇಬ್ಬರನ್ನೂ ಮೀರಿಸಿದ್ದು 2014ರ ನವೆಂಬರ್‌ನಲ್ಲಿ ಮಾರಾಟವಾದ ‘25 ಓ’. ಕೊಂಡವರು ಫೆರಾರಿ ವ್ಯಾಪಾರಿ ಜಾನ್ ಕಾಲಿನ್ಸ್, ಕೊಟ್ಟದ್ದು 5,18,000 ಪೌಂಡ್. ಅವರ ಬಳಿ ಫೆರಾರಿ 250 ಎಸ್‌ಡಬ್ಲ್ಯುಬಿ ಕಾರಿತ್ತು. ಓ ಅಕ್ಷರವನ್ನು ಸೊನ್ನೆ ಎಂದು ಓದಿದರೆ 250. ಕೋಟ್ಯಂತರ ಬೆಲೆಯ ಆ ಕಾರಿಗೆ ಅದು ಹೇಳಿ ಮಾಡಿಸಿದ ಒಡವೆ. ಹಾಗಾದರೆ ಅದನ್ನು ಮುಂದೆ ಕೊಳ್ಳುವವರು ಯಾರು? ಇನ್ನೊಂದು ಫೆರಾರಿ 250 ಇಟ್ಟುಕೊಂಡವರು. ಅಂಥವರು ಜಗತ್ತಿನಲ್ಲಿ ಎಷ್ಟು ಜನ? ಚಿನ್ನವಾದರೆ ಯಾವ ಊರಿನ ಯಾವ ಚಿನಿವಾರನೂ ಅಂದಿನ ದರಕ್ಕೆ ತೂಗಿ ಕೊಳ್ಳುತ್ತಾನೆ. ನಂಬರಿಗೆ ಅಂದಿನ ದರ ಎಂಬುದೇ ಇಲ್ಲ. ಬೇಕಾದವನೊಬ್ಬ ಸಿಗುವ ತನಕ ಕಾಯಬೇಕು. ವಧೂವರರ ಜಾತಕ ಕೂಡಿಸುವ ವ್ಯವಹಾರಕ್ಕೆ ಇದು ಹತ್ತಿರ, ಷೇರುಪೇಟೆಗಲ್ಲ.

ಕೊಲ್ಲಿ ದೇಶಗಳಲ್ಲಿ ಆಟದ ನಿಯಮ ಸರಳ: ಅಂಕಿ ಕಡಿಮೆಯಾದಷ್ಟೂ ತೂಕ ಜಾಸ್ತಿ. ದುಬೈ ರಸ್ತೆಯಲ್ಲಿ ಓಡಾಡುವ ಮಂಗಳೂರು, ಉಡುಪಿ, ಭಟ್ಕಳದ ನಮ್ಮವರ ಕಾರುಗಳಿಗೆ ಸಾಮಾನ್ಯವಾಗಿ ಐದಂಕಿ. ಮುಂದಿನ ಕಾರಿಗೆ ಎರಡೇ ಅಂಕಿ ಇದ್ದರೆ ಹಾರ್ನ್ ಹಾಕುವ ಮುನ್ನ ಕೈ ತಡೆಯುತ್ತದೆ. 2008ರ ಫೆಬ್ರುವರಿಯಲ್ಲಿ ಅಬುಧಾಬಿಯ ‘1’ ನಂಬರನ್ನು ಸಯೀದ್ ಖೌರಿ ಎಂಬ ಉದ್ಯಮಿ 5.22 ಕೋಟಿ ದಿರ್ಹಾಮಿಗೆ ಕೊಂಡಾಗ ಅದು ವಿಶ್ವದಾಖಲೆ. ಹದಿನೈದು ವರ್ಷ ಅದು ನಿಂತಿತು. 2023ರ ಏಪ್ರಿಲ್‌ನಲ್ಲಿ ದುಬೈಯ ‘ಪಿ 7’ 1.5 ಕೋಟಿಯಿಂದ ಶುರುವಾಗಿ 5.5 ಕೋಟಿ ದಿರ್ಹಾಮಿಗೆ ನಿಂತಿತು. ನಮ್ಮ ಲೆಕ್ಕದಲ್ಲಿ ಆಗ ನೂರಿಪ್ಪತ್ತು ಕೋಟಿ ರೂಪಾಯಿಗೂ ಮೇಲೆ. ಎರಡೂ ದಾನಕ್ಕಾಗಿ ನಡೆದ ಹರಾಜು. ಮೊದಲಿನದರ ಹಣ ರಸ್ತೆ ಅಪಘಾತದಲ್ಲಿ ನೊಂದವರ ಆರೈಕೆಗೆ, ಎರಡನೆಯದರದು ಹಸಿದವರ ಊಟಕ್ಕೆ. ಇಂಥ ಹರಾಜಿನ ಬೆಲೆಯನ್ನು ಮಾರುಕಟ್ಟೆಯ ಬೆಲೆ ಎಂದು ತೋರಿಸಿ ಗಿರಾಕಿಗೆ ಆಸೆ ಹುಟ್ಟಿಸುವ ದಲ್ಲಾಳಿಗಳ ಮಾತನ್ನು ನಂಬಬಾರದು. ದೇವಸ್ಥಾನದ ಸವಾಲಿನಲ್ಲಿ ತೆಂಗಿನಕಾಯಿ ಹತ್ತು ಸಾವಿರಕ್ಕೆ ಹೋದರೆ ಸಂತೆಯಲ್ಲಿ ಕಾಯಿಯ ರೇಟು ಏರುತ್ತದೆಯೇ? ಅಲ್ಲಿ ಕೊಳ್ಳುವುದು ಹೆಸರನ್ನು, ಪುಣ್ಯವನ್ನು, ಊರವರ ಕಣ್ಣನ್ನು.

ಈ ಕೊಲ್ಲಿ ಕಥೆಯಲ್ಲಿ ಭಾರತದ ಪಾತ್ರವೂ ಇದೆ. 2016ರಲ್ಲಿ ದುಬೈಯ ‘ಡಿ 5’ ನಂಬರಿಗೆ 3.3 ಕೋಟಿ ದಿರ್ಹಾಮ್ ಕೊಟ್ಟವರು ಅಲ್ಲಿ ನೆಲೆಸಿದ ಭಾರತೀಯ ಉದ್ಯಮಿ ಬಲ್ವಿಂದರ್ ಸಿಂಗ್ ಸಾಹ್ನಿ. ಕಾರಣ ಕೇಳಿದರೆ ನಮ್ಮಜ್ಜಿಯ ಲೆಕ್ಕವೇ: ಇಂಗ್ಲಿಷ್ ವರ್ಣಮಾಲೆಯಲ್ಲಿ ಡಿ ನಾಲ್ಕನೆಯದು, ನಾಲ್ಕಕ್ಕೆ ಐದು ಕೂಡಿಸಿದರೆ ಒಂಬತ್ತು. 2025ರಲ್ಲಿ ದುಬೈ ನ್ಯಾಯಾಲಯ ಅಕ್ರಮ ಹಣ ವರ್ಗಾವಣೆ ಪ್ರಕರಣದಲ್ಲಿ ಅವರಿಗೆ 5 ವರ್ಷದ ಜೈಲು ಶಿಕ್ಷೆ ವಿಧಿಸಿತು. ನಂಬರಿಗೂ ಶಿಕ್ಷೆಗೂ ಸಂಬಂಧ ಕಲ್ಪಿಸುವುದು ಸಂಖ್ಯಾಶಾಸ್ತ್ರದವರಿಗೆ ಬಿಟ್ಟದ್ದು.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ದುಬೈಯಲ್ಲಿ 5 ಎಂಬ ನಂಬರ್ ಒಂದೇ ಇಲ್ಲ. ಎ, ಬಿ, ಸಿ ಎನ್ನುತ್ತ ಸರಣಿಗಳು ಬೆಳೆದು ಈಗ ಜೋಡಿ ಅಕ್ಷರಗಳಿಗೆ ಬಂದು ನಿಂತಿವೆ. 2021ರಲ್ಲಿ ‘ಎಎ 9’ ಎಂಬುದು 3.8 ಕೋಟಿ ದಿರ್ಹಾಮಿಗೆ ಹೋಯಿತು. ಹೊಸ ಅಕ್ಷರ ಬಂದಾಗಲೆಲ್ಲ ಹೊಸ ಒಂದು, ಹೊಸ ಐದು, ಹೊಸ ಒಂಬತ್ತು ಹುಟ್ಟುತ್ತವೆ. ರಾಜಾ ರವಿವರ್ಮ ಮತ್ತೆ ಹುಟ್ಟಿ ಬಂದು ಇನ್ನೊಂದು ಚಿತ್ರ ಬರೆಯಲಾರ. ಸರ್ಕಾರ ಮಾತ್ರ ಬೇಕೆಂದಾಗ ಇನ್ನೊಂದು ಒಂದನ್ನು ಮಾಡಬಲ್ಲದು. ನಂಬರನ್ನು ಸಂಗ್ರಹದ ವಸ್ತು ಎನ್ನುವವರು ಈ ಮಾತಿಗೆ ಸರಿಯಾದ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹಣದ ಕಾಲ ಕೂಡಿಬರಬೇಕು ಎಂದೆನಲ್ಲ. ಹಳೆಯ ದಾಖಲೆಗಳ ತಾರೀಖುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡಾಗ ನನಗೇ ಸೋಜಿಗವಾಯಿತು. ಬ್ರಿಟನ್ನಿನ ಎಸೆಕ್ಸ್ ಕೌಂಟಿ ತನ್ನ ಬಳಿಯಿದ್ದ ‘ಎಫ್ 1’ ನಂಬರನ್ನು ಕಾರು ವಿನ್ಯಾಸಕ ಅಫ್ಜಲ್ ಖಾನ್ ಅವರಿಗೆ 4,40,625 ಪೌಂಡಿಗೆ ಮಾರಿದ್ದು 2008ರ ಜನವರಿಯಲ್ಲಿ. ಅಬುಧಾಬಿಯ ‘1’ ಫೆಬ್ರುವರಿಯಲ್ಲಿ. ಅಮೆರಿಕದ ಪುಟ್ಟ ರಾಜ್ಯ ಡೆಲವೇರ್‌ನಲ್ಲಿ ಕಡಿಮೆ ಅಂಕಿಯ ನಂಬರ್ ಎಂದರೆ ಮನೆತನದ ಗೌರವ. ಅಲ್ಲಿಯ ‘6’ 6,75,000 ಡಾಲರಿಗೆ ಹೋದದ್ದೂ ಅದೇ ಫೆಬ್ರುವರಿ. ಹಾಂಕಾಂಗ್‌ನಲ್ಲಿ ‘18’ ಎಂಬ ನಂಬರ್ 1.65 ಕೋಟಿ ಹಾಂಕಾಂಗ್ ಡಾಲರ್ ತಂದದ್ದೂ ಅದೇ ಫೆಬ್ರುವರಿ. ಅಲ್ಲಿಯ ಕ್ಯಾಂಟನೀಸ್ ಮಾತಿನಲ್ಲಿ 18 ಎಂದರೆ ‘ಸಿರಿ ಖಂಡಿತ’ ಎಂಬ ಧ್ವನಿ. ನಾವು ಶನಿಯೆಂದು ದೂರವಿಡುವ ಎಂಟು ಅವರಿಗೆ ಲಕ್ಷ್ಮಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಯಾರೂ ಯಾರನ್ನೂ ಕೇಳದೆ, ನಾಲ್ಕು ಮೂಲೆಯ ನಾಲ್ಕು ಊರುಗಳಲ್ಲಿ ನಂಬರಿನ ಬೆಲೆ ಒಟ್ಟಿಗೇ ನೆತ್ತಿಗೇರಿತ್ತು. ಮಳೆಗೆ ಮೊದಲು ಇರುವೆ ಸಾಲುಗಟ್ಟುವ ಹಾಗೆ, ಹಣ ಅಗ್ಗವಾಗಿ ಎಲ್ಲಿಡುವುದೆಂದು ತಿಳಿಯದೆ ಹೋದಾಗ ಅದು ತಗಡಿನ ಮೇಲೆ ಏರಿ ಕೂರುತ್ತದೆ. ಎಫ್ 1ಕ್ಕೆ ಆಮೇಲೆ ಅದರ ಹತ್ತಿಪ್ಪತ್ತು ಪಟ್ಟು ಬೆಲೆ ಹೇಳಲಾಗಿದೆ ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಹೇಳುವ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ. ಸೈಟು ಮಾರಿ ಗೊತ್ತಿರುವ ಯಾರನ್ನಾದರೂ ಕೇಳಿ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ‘4’ ಎಂಬ ನಂಬರ್ 2017ರಲ್ಲಿ 24.5 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಅಲ್ಲಿಯದೂ ಇದೇ ಬಗೆ, ವಿಸ್ತರಿಸುವುದು ಬೇಡ.

ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಇದಕ್ಕೆ ‘ಫ್ಯಾನ್ಸಿ ನಂಬರ್’ ಎಂದೇ ಹೆಸರು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸಾರಿಗೆ ಇಲಾಖೆಗಳು ಹೊಸ ಸರಣಿ ತೆರೆದಾಗ 0001, 0009, 0999, 9999 ಮೊದಲಾದವನ್ನು ಬೇರೆ ಎತ್ತಿಟ್ಟು ಹರಾಜು ಹಾಕುತ್ತವೆ. ಮುಸ್ಲಿಂ ಗಿರಾಕಿಗಳಿಗೆ 786, ಹುಡುಗರಿಗೆ 8055. ಈ 8055 ಏಕೆಂದು ತಿಳಿಯದಿದ್ದರೆ ಅಂಕಿಗಳನ್ನು ಇಂಗ್ಲಿಷ್ ಅಕ್ಷರಗಳೆಂದು ಓದಿ: ‘ಬಾಸ್’. 2019ರಲ್ಲಿ ತಿರುವನಂತಪುರದಲ್ಲಿ ಒಂದು 0001ಕ್ಕೆ 31 ಲಕ್ಷ, 2025ರಲ್ಲಿ ಎರ್ನಾಕುಲಂನಲ್ಲಿ 0007ಕ್ಕೆ 45.99 ಲಕ್ಷ ರೂಪಾಯಿ ಬಂದಿದೆ. ಸುದ್ದಿಗೇನೂ ಕೊರತೆಯಿಲ್ಲ.

ಕೊರತೆ ಇರುವುದು ಕಾನೂನಿನಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಹೇಳುವ ಪ್ರಕಾರ ನೋಂದಣಿ ಅಧಿಕಾರಿ ಗುರುತಿನ ಸಂಖ್ಯೆಯನ್ನು ಕೊಡುವುದು ವಾಹನಕ್ಕೆ. ಮಾಲೀಕನಿಗೆ ಅಲ್ಲ. ಇಡೀ ವಿಷಯ ಈ ಒಂದು ಪದದಲ್ಲಿದೆ. ವಾಹನ ಮಾರಿದರೆ ನಂಬರ್ ಅದರ ಜೊತೆ ಹೊರಟುಹೋಗುತ್ತದೆ. ವಾಹನ ಗುಜರಿಗೆ ಹೋದರೆ ನಂಬರಿಗೂ ಅಲ್ಲೇ ತಿಥಿ. ದೆಹಲಿ, ಉತ್ತರ ಪ್ರದೇಶದಂಥ ಕೆಲವು ಕಡೆ ಅದೇ ಮಾಲೀಕ ತನ್ನ ಮುಂದಿನ ಗಾಡಿಗೆ ಹಳೆಯ ನಂಬರ್ ಒಯ್ಯಲು ಅವಕಾಶ ಮಾಡಿದ್ದಾರೆ. ಆದರೆ ಬರೀ ನಂಬರನ್ನು ಬೇರೆಯವರಿಗೆ ಮಾರುವ ಪೇಟೆ ಎಂಬುದಿಲ್ಲ. ಇನ್ನು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸುರಿದು ‘ಕೆಎ 01’ ಸರಣಿಯಲ್ಲೊಂದು ಚೆಂದದ ನಂಬರ್ ಹಿಡಿದವರು ಕೆಲಸ ಬದಲಾಗಿ ನಿಪ್ಪಾಣಿ ದಾಟಿ ಪುಣೆಯಲ್ಲಿ ನೆಲೆಸಿದರೆನ್ನಿ. ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಗಾಡಿ ಅಲ್ಲೇ ಇದ್ದರೆ ಆ ರಾಜ್ಯದ ಹೊಸ ನಂಬರ್ ಹಾಕಿಸಬೇಕು. ಲಕ್ಷಗಟ್ಟಲೆಯ ಆಸ್ತಿ ವರ್ಗಾವಣೆಯ ಒಂದು ಪತ್ರದಿಂದ ಕರಗಿಹೋಗುತ್ತದೆ.

ದುಬೈಯ ಅಕ್ಷರಗಳ ಕಾಯಿಲೆ ನಮ್ಮಲ್ಲಿ ಇನ್ನೂ ಜೋರು. 9999ರ ತನಕ ಎಣಿಸಿ ಮುಗಿಸಿದ ಕೂಡಲೇ ಅಕ್ಷರ ಬದಲಾಗಿ ಮತ್ತೆ 0001. ಚಂಡೀಗಢವನ್ನೇ ನೋಡಿ: 2012ರಲ್ಲಿ ಒಂದು 0001ಕ್ಕೆ 26.05 ಲಕ್ಷ, 2022ರಲ್ಲಿ ಮೇಲೆ ಹೇಳಿದ ಆ್ಯಕ್ಟಿವಾದ 0001ಕ್ಕೆ 15.44 ಲಕ್ಷ, 2025ರಲ್ಲಿ ಇನ್ನೊಂದು 0001ಕ್ಕೆ 36.43 ಲಕ್ಷ. ಇದನ್ನು ಏರಿಳಿತದ ಮಾರುಕಟ್ಟೆ ಎನ್ನಬೇಡಿ. ಮೂರೂ ಬೇರೆ ಬೇರೆ ಸರಕು, ಮೂರನ್ನೂ ಮಾರಿದ್ದು ಸರ್ಕಾರವೇ, ಒಮ್ಮೆಯೂ ಕೊಂಡವರು ಮಾರಿದ್ದಲ್ಲ.

ಹರಾಜಿನ ಕೂಗು ಎಷ್ಟು ಟೊಳ್ಳಾಗಬಹುದು ಎಂಬುದಕ್ಕೆ ಹರಿಯಾಣ ಒಳ್ಳೆಯ ಉದಾಹರಣೆ ಕೊಟ್ಟಿದೆ. 2025ರ ನವೆಂಬರ್ ಕೊನೆಯಲ್ಲಿ ‘ಎಚ್‌ಆರ್ 88 ಬಿ 8888’ ಎಂಬ ನಂಬರ್ ಆನ್‌ಲೈನ್ ಹರಾಜಿನಲ್ಲಿ 1.17 ಕೋಟಿ ರೂಪಾಯಿಗೆ ಏರಿತು. ಇಂಗ್ಲಿಷಿನ ಬಿ ಕೂಡ ಎಂಟರ ಹಾಗೇ ಕಾಣುವುದರಿಂದ ಸಾಲಾಗಿ ಏಳು ಎಂಟು! ದೇಶದ ಅತಿ ದುಬಾರಿ ನಂಬರ್ ಎಂದು ಎಲ್ಲೆಡೆ ಸುದ್ದಿಯಾಯಿತು. ಗಡುವಿನೊಳಗೆ ಹಣ ಮಾತ್ರ ಬರಲಿಲ್ಲ. ಕೂಗಿದವರ ಬಳಿ ಅಷ್ಟು ಹಣ ಇದೆಯೇ ಎಂದು ವಿಚಾರಣೆಗೆ ಅಲ್ಲಿನ ಸಾರಿಗೆ ಸಚಿವರು ಆದೇಶಿಸಿದರು. ಹಾಗಿದ್ದೂ ಆ ಅಂಕಿ ಇನ್ನೂ ಪಟ್ಟಿಗಳಲ್ಲಿ ಓಡಾಡುತ್ತಿರುತ್ತದೆ.

ನಂಬರನ್ನು ಚೆಂದವಾಗಿ ತೋರಿಸಿಕೊಳ್ಳುವ ಸುಖವೂ ನಮ್ಮಲ್ಲಿ ಕಡಿಮೆಯಾಗುತ್ತ ಬಂದಿದೆ. ಆರ್‌ಟಿಒ ಎದುರಿನ ರಸ್ತೆಯಲ್ಲಿ ರೇಡಿಯಂ ಅಂಗಡಿಗಳ ಸಾಲಿರುತ್ತಿತ್ತು. ಹುಡುಗ ಬ್ಲೇಡಿನಿಂದ ಸ್ಟಿಕರ್ ಕತ್ತರಿಸಿ, ಬೇಕಾದ ಅಂಕಿ ದೊಡ್ಡದು, ಬೇಡದ್ದು ಸಾಸಿವೆ ಕಾಳಿನಷ್ಟು ಮಾಡಿ, ಉಗುರಿನಿಂದ ಗುಳ್ಳೆ ಒತ್ತಿ ತೆಗೆದು ಅಂಟಿಸುತ್ತಿದ್ದ. 8055 ‘ಬಾಸ್’ ಆಗುತ್ತಿದ್ದದ್ದು ಅವನ ಕೈಚಳಕದಿಂದಲೇ. ಕನ್ನಡ ಅಂಕಿಯಲ್ಲಿ ಬರೆಸಿಕೊಂಡ ಅಭಿಮಾನಿಗಳಿಗೆ ದಂಡ ಬೀಳುತ್ತಿತ್ತು, ಏಕೆಂದರೆ ಕೇಂದ್ರದ ನಿಯಮದಲ್ಲಿ ಇಂಗ್ಲಿಷ್ ಅಕ್ಷರ, ಅಂತರರಾಷ್ಟ್ರೀಯ ಅಂಕಿಗಳಿಗೆ ಮಾತ್ರ ಜಾಗ. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಬಂತು. ಕರ್ನಾಟಕದಲ್ಲಿ 2023ರಲ್ಲಿ ಹಳೆಯ ವಾಹನಗಳಿಗೂ ಆದೇಶವಾಗಿ, ಗಡುವಿನ ಮೇಲೆ ಗಡುವು ಮುಂದೆ ಹೋಯಿತು. ಈಗ ಲಕ್ಷ ಕೊಟ್ಟ 0001ಕ್ಕೂ ತಾನಾಗಿ ಸಿಕ್ಕ 7346ಕ್ಕೂ ಒಂದೇ ಅಚ್ಚು, ಒಂದೇ ಅಶೋಕ ಚಕ್ರದ ಹಾಲೊಗ್ರಾಂ.

ಹಾಗಾದರೆ ಕೊಳ್ಳಲೇಬಾರದೇ? ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಮಗಳ ಹೆಸರಿಗೆ ಹೊಂದುವ ನಂಬರಿಗೆ ಕೆಲವು ನೂರು ಪೌಂಡ್ ಕೊಟ್ಟರೆ ನಾನು ಬೇಡ ಎನ್ನುವುದಿಲ್ಲ. ಅದು ಅಕ್ಕರೆಯ ಖರ್ಚು. ಲಾಭಕ್ಕೇ ಕೊಳ್ಳುವವರಾದರೆ, ಹೆಸರಿನ ನಂಬರಿಗಿಂತ ವರ್ಷದ ಗುರುತಿಲ್ಲದ ಹಳೆಯ ಕಾಲದ ಚಿಕ್ಕ ನಂಬರ್ ವಾಸಿ, ಏಕೆಂದರೆ ಅಂಥವು ಇನ್ನು ಹೆಚ್ಚು ಹುಟ್ಟುವುದಿಲ್ಲ. ಆಗಲೂ ಬಾಡಿಗೆಯಿಲ್ಲ, ಬಡ್ಡಿಯಿಲ್ಲ. ದಲ್ಲಾಳಿಯ ಪಾಲು, ಹರಾಜಿನ ಶುಲ್ಕ, ತೆರಿಗೆ ಕಳೆದು ಉಳಿದರೆ ಉಳಿಯಿತು. ದುಬೈಯಲ್ಲಿ ಮೂರ್ನಾಲ್ಕು ಅಂಕಿಯ ನಂಬರುಗಳು ಕೈ ಬದಲಾಗುತ್ತಲೇ ಇರುತ್ತವೆ. ಅಲ್ಲಿಯ ಆರ್ಥಿಕತೆಯ ಉಸಿರಿಗೆ ತಕ್ಕಂತೆ ಅವುಗಳ ಉಸಿರು. ಭಾರತದಲ್ಲಿ ಹೂಡಿಕೆ ಎಂಬ ಮಾತು ಎತ್ತುವವರಿಗೆ 41ನೇ ಸೆಕ್ಷನ್ ತೋರಿಸಿದರೆ ಸಾಕು. ಬೇಕಿದ್ದರೆ ಕಂದಾಯ ಕಟ್ಟಿದಂತೆ ಕಟ್ಟಿ ಖುಷಿಪಡಲಿ, ಸರ್ಕಾರಕ್ಕಾದರೂ ಆದಾಯ.

ಮಾವನ ಚೇತಕ್ ಹದಿನೈದು ವರ್ಷದ ನೋಂದಣಿ ಮುಗಿದ ಮೇಲೂ ಬಹಳ ಕಾಲ ಕೊಟ್ಟಿಗೆಯಲ್ಲಿ ನಿಂತಿತ್ತು. ಗುಜರಿಯವನು ಬಂದು ತೂಕಕ್ಕೆ ಒಯ್ಯುವ ದಿನ ಅತ್ತೆ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ನಂಬರ್ ಪ್ಲೇಟನ್ನು ಬಿಚ್ಚಿಟ್ಟುಕೊಂಡರು. ಅವನು ತಕರಾರು ಮಾಡಲಿಲ್ಲ, ಅದರ ತೂಕವೆಷ್ಟು ಮಹಾ. ಈಗ ಅದು ಬಚ್ಚಲುಮನೆಯ ಪಕ್ಕದ ಕಟ್ಟಿಗೆ ಕೋಣೆಯ ಬಾಗಿಲಿಗಿದೆ. ಕೆಳಗಿನ ಹಲಗೆ ಗೆದ್ದಲು ತಿಂದು ಆದ ಹರುಕಿಗೆ, ಹೆಗ್ಗಣ ನುಗ್ಗದಂತೆ, ಅಂಕಿಗಳು ತಲೆಕೆಳಗಾಗಿ ನಾಲ್ಕು ಮೊಳೆ ಹೊಡೆದಿದ್ದಾರೆ.